ಭಾವಚಿತ್ರಕ್ಕೆ ಬೆಳಕು

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ಅಟೆಂಡರೊಬ್ಬರು ನಿವೃತ್ತರಾಗುವ ಸಂದರ್ಭ ಒದಗಿತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅವರ ಭಾವಚಿತ್ರವನ್ನು ಅಚ್ಚು ಹಾಕಿಸಬೇಕೆಂದು ವಿದ್ಯಾರ್ಥಿಗಳು ಅಪೇಕ್ಷಿಸಿದರು. ಚಿತ್ರವೊಂದನ್ನು ತಂದುಕೊಡಿರೆಂದು ಕೇಳಿದಾಗ ಅವರು ಪೇಟೆಯ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯ ಪಟವನ್ನು ತಂದರು. ಅದರಲ್ಲಿದ್ದ ಮುಖವನ್ನು ನಾವು ಒಮ್ಮೆಗೇ ಗುರುತಿಸಲಾರದೆ ಹೋದೆವು. ಅವರ ಕಪ್ಪು ಮೈಬಣ್ಣವು ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಹಣೆಯ ಗೆರೆಗಳೂ ಎಡಹುಬ್ಬಿನ ಮೇಲಣ ಹಳೆಯ ಗಾಯದ ಗುರುತೂ ಅಳಿಸಿಹೋಗಿದ್ದವು. ಮುಖವು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿತ್ತು. "ಇರಲಿ ಬಿಡಿ ಸಾರ್, ಪಟದಲ್ಲಿ ನಾನು ಯಾವಾಗಲೂ ಹೀಗೆಯೇ" ಎಂದು ಅವರು ನಕ್ಕರು.

ಹಾಗಾದರೆ ನಾವೇ ಏಕೆ ತೆಗೆಯಬಾರದೆಂದು ಹೊರಟೆವು. ಗೋಡೆಯ ಮುಂದೆ ಅವರನ್ನು ನಿಲ್ಲಿಸಿ, ಕ್ಯಾಮರಾದ ಮೇಲಿನ ಮಿಂಚುದೀಪವನ್ನು ಹೊತ್ತಿಸಿ ತೆಗೆದ ಚಿತ್ರವು ಆ ಪಟಕ್ಕಿಂತಲೂ ಕೆಟ್ಟದಾಗಿತ್ತು. ಹಣೆಯು ಬೆಳ್ಳಗೆ ಹೊಳೆಯುತ್ತಿತ್ತು. ಕನ್ನಡಕವು ಎರಡು ಬಿಳಿಯ ಬಿಲ್ಲೆಗಳಾಗಿತ್ತು. ತಲೆಯ ಹಿಂದೆ ಗೋಡೆಯ ಮೇಲೆ ಮಸಿಯಂತಹ ನೆರಳು ಅಂಟಿಕೊಂಡಿತ್ತು. ಪ್ರತಿವರ್ಷವೂ ನಮ್ಮ ಕತ್ತಲೆಕೋಣೆಯಲ್ಲಿ ಬನ್ಸನ್ನನ ದ್ಯುತಿಮಾಪಕವನ್ನು ಜೋಡಿಸಿಕೊಟ್ಟು, ಎರಡು ದೀಪಗಳನ್ನು ಹಿಂದೆಮುಂದೆ ಸರಿಸಿ ಬೆಳಕನ್ನು ಅಳೆಯುವುದು ಹೇಗೆಂದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದವರು ಇವರೇ. ಅವರ ಮುಖಕ್ಕೆ ಒಂದು ದೀಪವನ್ನು ಸರಿಯಾಗಿ ಇಡಲು ಬೆಳಕಿನ ಶಾಸ್ತ್ರವನ್ನು ಬೋಧಿಸುವ ನಮಗೆ ತಿಳಿಯಲಿಲ್ಲವೆಂಬುದು ನಾಚಿಕೆಯ ಸಂಗತಿಯೇ ಸರಿ. ಆದುದರಿಂದ ನಾವು ವಿದ್ಯಾರ್ಥಿಗಳೊಡನೆ ಕುಳಿತು ಈ ವಿದ್ಯೆಯನ್ನು ಮೊದಲಿನಿಂದ ಕಲಿತೆವು. ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಎರಡು ಎಲ್.ಇ.ಡಿ. ಬಲ್ಬುಗಳು, ಒಂದು ಬಿಳಿಯ ಪಂಚೆ, ಒಂದು ಥರ್ಮೋಕೋಲ್ ಹಲಗೆ, ಮೊಬೈಲ್ ಫೋನಿನ ಕ್ಯಾಮರಾ, ಇವಿಷ್ಟೇ ಸಾಕು.

ನೆರಳು ಹೇಳುವ ಮಾತು

ಮುಖವು ಉಬ್ಬುತಗ್ಗುಗಳಿಂದ ಕೂಡಿದ ವಸ್ತು. ಮೂಗು, ಹುಬ್ಬು, ಕೆನ್ನೆಯ ಮೂಳೆಗಳು ಮುಂದೆ ಚಾಚಿವೆ. ಕಣ್ಣುಗಳು ಗುಳಿಯಲ್ಲಿ ಕುಳಿತಿವೆ. ಚಿತ್ರವಾದರೋ ಚಪ್ಪಟೆಯಾದ ಕಾಗದ. ನಮಗೆ ಎರಡು ಕಣ್ಣುಗಳಿರುವುದರಿಂದ ಎದುರಿಗಿರುವ ವಸ್ತುವಿನ ಆಳವು ತಾನಾಗಿಯೇ ತಿಳಿಯುತ್ತದೆ; ಕ್ಯಾಮರಾ ಒಕ್ಕಣ್ಣಿನದು. ಹೀಗಿರುವಾಗ ಚಿತ್ರದಲ್ಲಿ ಮುಖದ ಆಳವನ್ನು ನೋಡುವವನಿಗೆ ತಿಳಿಸುವುದು ಯಾವುದು? ಬೆಳಕು ಕ್ರಮವಾಗಿ ನೆರಳಾಗಿ ತಿರುಗುವ ಬಗೆಯೇ ಅದನ್ನು ತಿಳಿಸುತ್ತದೆ.

ಈ ಕ್ರಮಕ್ಕೊಂದು ನಿಯಮವಿದೆ. ಅದನ್ನು ಜರ್ಮನ್ ಮಾತೃಭಾಷೆಯ ಗಣಿತಜ್ಞ ಯೊಹಾನ್ ಹೈನ್ರಿಕ್ ಲಾಂಬರ್ಟನು 1760ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಮೇಲ್ಮೈಗೆ ಬೆಳಕು ನೇರವಾಗಿ, ಎಂದರೆ ಲಂಬವಾಗಿ ಬಿದ್ದಾಗ ಅದಕ್ಕೆ ದೊರೆಯುವ ಬೆಳಕನ್ನು 100 ಪಾಲೆಂದು ಎಣಿಸೋಣ. ಬೆಳಕು ಲಂಬದಿಂದ 45 ಡಿಗ್ರಿ ಓರೆಯಾದರೆ ಸುಮಾರು 71 ಪಾಲು, 60 ಡಿಗ್ರಿ ಓರೆಯಾದರೆ 50 ಪಾಲು ದೊರೆಯುವುದು; 90 ಡಿಗ್ರಿಯಾದಾಗ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವುದರಿಂದ ಅದಕ್ಕೆ ಏನೂ ದೊರೆಯದು. ಗಣಿತವನ್ನು ಬಲ್ಲವರು ಇದು ಕೊಸೈನಿನ ಅನುಪಾತವೆಂದು ಗುರುತಿಸುವರು.

ಇದನ್ನು ಮನಗಾಣಲು ಒಂದು ಕೋಳಿಮೊಟ್ಟೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಕೋಣೆಯನ್ನು ಕತ್ತಲೆ ಮಾಡಿ, ಒಂದೇ ದೀಪದಿಂದ ನೋಡಿರಿ. ದೀಪವನ್ನು ನಿಮ್ಮ ಕಣ್ಣಿನ ಪಕ್ಕದಲ್ಲಿಯೇ ಹಿಡಿದಾಗ ಮೊಟ್ಟೆಯು ಒಂದು ಬಿಳಿಯ ಬಿಲ್ಲೆಯಂತೆ ಕಾಣುವುದು. ದೀಪವನ್ನು ಮೆಲ್ಲನೆ ಬದಿಗೆ ಒಯ್ದರೆ ಒಂದು ಪಕ್ಕ ಬೆಳಕು, ಮತ್ತೊಂದು ಪಕ್ಕ ನೆರಳು, ನಡುವೆ ಬೂದುಬಣ್ಣದ ಮಜಲುಗಳು ಮೂಡಿ, ಮೊಟ್ಟೆಯು ಕೈಗೆ ಸಿಕ್ಕುವಂತೆ ದುಂಡಾಗುವುದು. ಮೊಟ್ಟೆಯು ಬದಲಾಗಲಿಲ್ಲ, ದೀಪವೂ ಬದಲಾಗಲಿಲ್ಲ. ದೀಪದ ಸ್ಥಾನ ಮಾತ್ರ ಬದಲಾಯಿತು.

ನಮ್ಮ ಮೊದಲನೆಯ ಚಿತ್ರ ಕೆಟ್ಟಿದ್ದೇಕೆಂಬುದು ಈಗ ಸ್ಪಷ್ಟವಾಯಿತು. ಕ್ಯಾಮರಾದ ಮಿಂಚುದೀಪವು ಮಸೂರದ ಮಗ್ಗುಲಲ್ಲಿಯೇ ಇರುತ್ತದೆ. ದೀಪ ಎಲ್ಲಿಂದ ನೋಡುವುದೋ ಕ್ಯಾಮರಾ ಅಲ್ಲಿಂದಲೇ ನೋಡುವುದರಿಂದ, ಮೂಗಿನ ನೆರಳು ಮೂಗಿನ ಹಿಂದೆಯೇ ಅಡಗಿಕೊಳ್ಳುತ್ತದೆ. ನೆರಳು ಮರೆಯಾದುದರಿಂದ ರೂಪವೂ ಮರೆಯಾಯಿತು. ಆದುದರಿಂದ ಮೊದಲನೆಯ ಪಾಠವಿದು: ದೀಪವನ್ನು ಕ್ಯಾಮರಾದಿಂದ ಬೇರ್ಪಡಿಸಬೇಕು.

ಕಟುವಾದ ನೆರಳು, ಮೃದುವಾದ ನೆರಳು

ಬರಿಯ ಬಲ್ಬನ್ನು ಬದಿಗಿಟ್ಟು ನೋಡಿದರೆ ಮುಖಕ್ಕೆ ರೂಪವೇನೋ ಬರುತ್ತದೆ. ಆದರೆ ಮೂಗಿನ ನೆರಳು ಕತ್ತಿಯಿಂದ ಕೊರೆದಂತೆ ಕೆನ್ನೆಯ ಮೇಲೆ ಬೀಳುತ್ತದೆ, ಚರ್ಮದ ಒಂದೊಂದು ಕುಳಿಯೂ ಎದ್ದುಕಾಣುತ್ತದೆ. ಮೋಡ ಮುಸುಕಿದ ದಿನ ಹೊರಗೆ ನಿಂತವರ ಮುಖದಲ್ಲಿ ಇಂತಹ ನೆರಳು ಕಾಣದು. ಈ ವ್ಯತ್ಯಾಸಕ್ಕೆ ಕಾರಣವನ್ನು ಗ್ರಹಣದ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ಬೆಳಕಿನ ಆಕರವು ಬಿಂದುವಾಗಿದ್ದರೆ ನೆರಳಿನ ಅಂಚು ಹರಿತವಾಗಿರುತ್ತದೆ. ಆಕರವು ವಿಸ್ತಾರವಾಗಿದ್ದರೆ ಪೂರ್ಣ ನೆರಳಿನ ಸುತ್ತ ಅರೆನೆರಳು ಹಬ್ಬುತ್ತದೆ. ಅರೆನೆರಳಿನ ಅಗಲವು ಎಷ್ಟೆಂಬುದನ್ನು ಸದೃಶ ತ್ರಿಕೋನಗಳ ಸಹಾಯದಿಂದ ಸುಲಭವಾಗಿ ಲೆಕ್ಕ ಹಾಕಬಹುದು. ಆಕರದ ಅಗಲವನ್ನು, ಅಡ್ಡಬಂದ ವಸ್ತುವಿನಿಂದ ನೆರಳು ಬೀಳುವ ಸ್ಥಳಕ್ಕಿರುವ ದೂರದಿಂದ ಗುಣಿಸಿ, ಆಕರದಿಂದ ವಸ್ತುವಿಗಿರುವ ದೂರದಿಂದ ಭಾಗಿಸಬೇಕು.

ಮೂಗಿನ ಅಂಚಿನಿಂದ ಕೆನ್ನೆಯ ನೆರಳಿಗೆ 3 ಸೆಂಟಿಮೀಟರ್ ಇರಲಿ; ದೀಪವು 150 ಸೆಂಟಿಮೀಟರ್ ದೂರದಲ್ಲಿರಲಿ. 6 ಸೆಂಟಿಮೀಟರ್ ಅಗಲದ ಬರಿಯ ಬಲ್ಬಾದರೆ ಅರೆನೆರಳಿನ ಅಗಲ ಸುಮಾರು 1.2 ಮಿಲಿಮೀಟರ್ ಮಾತ್ರ. ಅದೇ ಬಲ್ಬಿನ ಬೆಳಕನ್ನು 90 ಸೆಂಟಿಮೀಟರ್ ಅಗಲದ ಬಿಳಿಯ ಬಟ್ಟೆಯ ಮೇಲೆ ಹರಡಿ, ಆ ಬಟ್ಟೆಯನ್ನೇ ಆಕರವಾಗಿ ಮಾಡಿಕೊಂಡರೆ ಅರೆನೆರಳು 18 ಮಿಲಿಮೀಟರ್ ಆಗುವುದು. ನೆರಳಿನ ಅಂಚು ಕರಗಿ ಕೆನ್ನೆಯ ದುಂಡುತನದಲ್ಲಿ ಬೆರೆತುಹೋಗುವುದು. ಸೂರ್ಯನು ಎಷ್ಟೇ ದೊಡ್ಡವನಾದರೂ ನಮಗೆ ಕಾಣುವುದು ಸುಮಾರು ಅರ್ಧ ಡಿಗ್ರಿಯಷ್ಟು ಮಾತ್ರ; ಆದುದರಿಂದಲೇ ಬಿಸಿಲಿನ ನೆರಳು ಬಲ್ಬಿನ ನೆರಳಿಗಿಂತಲೂ ಹರಿತ. ಮೋಡ ಕವಿದಾಗ ಆಕಾಶವೆಲ್ಲವೂ ದೀಪವಾಗುತ್ತದೆ. ಆಗ ನೆರಳು ಮೃದುವಾಗುತ್ತದೆ. ಹೀಗಾಗಿ ಬೆಳಕಿನ ಮೃದುತ್ವವು ದೀಪದ ಪ್ರಖರತೆಯನ್ನು ಅವಲಂಬಿಸಿಲ್ಲ. ಮುಖದ ಸ್ಥಾನದಿಂದ ನೋಡಿದಾಗ ದೀಪವು ಎಷ್ಟು ದೊಡ್ಡದಾಗಿ ಕಾಣುವುದೆಂಬುದನ್ನು ಮಾತ್ರ ಅವಲಂಬಿಸಿದೆ. ದೊಡ್ಡ ಬಟ್ಟೆಯನ್ನು ಬಹಳ ದೂರಕ್ಕೆ ಒಯ್ದರೆ ಅದೂ ಬಲ್ಬಿನಂತೆಯೇ ಕಟುವಾಗುವುದು.

ನಮ್ಮ ದೇಶದ ಚಲನಚಿತ್ರ ಛಾಯಾಗ್ರಾಹಕರು ಈ ತತ್ತ್ವವನ್ನು ಸೊಗಸಾಗಿ ದುಡಿಸಿಕೊಂಡಿದ್ದಾರೆ. 1956ರಲ್ಲಿ ತೆರೆಕಂಡ ಸತ್ಯಜಿತ್ ರಾಯರ 'ಅಪರಾಜಿತೋ' ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಲಾಗಿತ್ತು. ಅಂಗಳಕ್ಕೆ ಮೇಲಿನಿಂದ ಇಳಿಯುವ ಆಕಾಶದ ಬೆಳಕನ್ನು ತರಲು ಛಾಯಾಗ್ರಾಹಕ ಸುಬ್ರತ ಮಿತ್ರರು ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಅದರ ಕಡೆಗೆ ತಿರುಗಿಸಿ, ಬಟ್ಟೆಯಿಂದ ಚದುರಿ ಬಂದ ಬೆಳಕನ್ನೇ ನಟರ ಮೇಲೆ ಬೀಳಿಸಿದರು. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತ ವಿ. ಕೆ. ಮೂರ್ತಿಯವರು ಒದಗಿಸಿದ್ದಾರೆ. 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕಂಬವು ಪ್ರಸಿದ್ಧವಾದುದು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅವರು ಅದನ್ನು ಸಾಧಿಸಿದರು. ಕನ್ನಡಿಯು ಕಿರಣಗಳನ್ನು ಕ್ರಮಗೆಡಿಸದೆ ಹಿಂದಿರುಗಿಸುತ್ತದೆ, ಬೆಳಕು ಕಟುವಾಗಿಯೇ ಉಳಿಯುತ್ತದೆ. ಬಟ್ಟೆಯು ಅವುಗಳನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಬೆಳಕು ಮೃದುವಾಗುತ್ತದೆ.

ನಾವು ಬಟ್ಟೆ ಒಣಹಾಕುವ ಹಗ್ಗವೊಂದನ್ನು ಕಟ್ಟಿ, ಅದರ ಮೇಲೆ ಪಂಚೆಯನ್ನು ಇಳಿಬಿಟ್ಟು, ಹಿಂದಿನಿಂದ ದೀಪ ಹಾಕಿದೆವು. ಒಂದು ಎಚ್ಚರಿಕೆ: ಬಟ್ಟೆ ಅಥವಾ ಕಾಗದವು ಬಲ್ಬಿಗೆ ತಗುಲದಂತೆ ಕನಿಷ್ಠ ಎರಡಡಿ ಅಂತರವಿರಬೇಕು, ಹಳೆಯ ತಂತಿಯ ಬಲ್ಬುಗಳೂ ಹ್ಯಾಲೋಜನ್ ದೀಪಗಳೂ ಬಟ್ಟೆಯನ್ನು ಸುಡುವಷ್ಟು ಕಾಯುತ್ತವೆ.

ದೂರದ ಲೆಕ್ಕ

ಬೆಳಕಿನ ಆಕರದಿಂದ ದೂರ ಹೋದಂತೆಲ್ಲ ಪ್ರಕಾಶವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬುದನ್ನು ಕೆಪ್ಲರನು 1604ರಲ್ಲಿಯೇ ತಿಳಿಸಿದ್ದನು. ದೂರವು ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗುವುದು. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಈ ನಿಯಮವು ಭಾವಚಿತ್ರದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ.

ಮೊದಲನೆಯದು, ಹಿನ್ನೆಲೆಯನ್ನು ಹತೋಟಿಯಲ್ಲಿಡುವುದು. ಗೋಡೆಯು ಕುಳಿತವರ ಹಿಂದೆ 1 ಮೀಟರ್ ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ದೀಪವು ಮುಖದಿಂದ 1 ಮೀಟರ್ ಮುಂದಿದ್ದರೆ ಅದು ಗೋಡೆಯಿಂದ 2 ಮೀಟರ್ ದೂರದಲ್ಲಿರುತ್ತದೆ. ಗೋಡೆಗೆ ದೊರೆಯುವ ಬೆಳಕು ಮುಖದ ಬೆಳಕಿನ ನಾಲ್ಕನೆಯ ಒಂದು ಪಾಲು. ದೀಪವನ್ನು 3 ಮೀಟರಿಗೆ ಒಯ್ದರೆ ಗೋಡೆಯ ದೂರ 4 ಮೀಟರ್. ಆಗ ಗೋಡೆಗೆ 16ರಲ್ಲಿ 9 ಪಾಲು, ಎಂದರೆ ಅರ್ಧಕ್ಕಿಂತ ಹೆಚ್ಚು ದೊರೆಯುವುದು. ಒಂದೇ ಸುಣ್ಣದ ಗೋಡೆಯನ್ನು ದೀಪದ ದೂರದಿಂದಲೇ ಬೂದಿಯಾಗಿಯೂ ಬಿಳುಪಾಗಿಯೂ ತೋರಿಸಬಹುದು. ಕುಳಿತವರನ್ನು ಗೋಡೆಯಿಂದ ಇನ್ನೂ ಮುಂದಕ್ಕೆ ತಂದರೆ ತಲೆಯ ನೆರಳು ಗೋಡೆಯ ಮೇಲೆ ಬೀಳದೆ ನೆಲಕ್ಕೆ ಜಾರಿಹೋಗುವುದು.

ಎರಡನೆಯದು, ಮುಖದಲ್ಲಿಯೇ ಬೆಳಕು ಕುಗ್ಗುವ ವೇಗ. ಮೂಗಿನ ತುದಿಗೂ ಕಿವಿಗೂ ದೀಪದ ದಿಕ್ಕಿನಲ್ಲಿ 12 ಸೆಂಟಿಮೀಟರ್ ಅಂತರವಿರಲಿ. ದೀಪವು ಮೂಗಿನಿಂದ 50 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಗೆ ದೊರೆಯುವುದು ಮೂಗಿನ ಬೆಳಕಿನಲ್ಲಿ ನೂರಕ್ಕೆ 65 ಪಾಲು. ದೀಪವು 2 ಮೀಟರ್ ದೂರವಿದ್ದರೆ ನೂರಕ್ಕೆ 89 ಪಾಲು. ಹತ್ತಿರದ ದೀಪವು ಮುಖದ ಒಂದು ಭಾಗವನ್ನು ಎತ್ತಿಹಿಡಿದು ಉಳಿದುದನ್ನು ಹಿಂದಕ್ಕೆ ಸರಿಸುತ್ತದೆ. ದೂರದ ದೀಪವು ಎಲ್ಲವನ್ನೂ ಸಮನಾಗಿ ಕಾಣುತ್ತದೆ.

ಇದೇ ರೀತಿಯ ಎಚ್ಚರಿಕೆಯು ಕ್ಯಾಮರಾದ ದೂರಕ್ಕೂ ಅನ್ವಯಿಸುತ್ತದೆ. ಫೋನನ್ನು ಮುಖಕ್ಕೆ 40 ಸೆಂಟಿಮೀಟರ್ ಹತ್ತಿರ ಹಿಡಿದರೆ ಕಿವಿಗಿಂತ ಮೂಗು ಹತ್ತಿರವಾಗಿ, ಅಳತೆ ಮೀರಿ ದಪ್ಪವಾಗಿ ತೋರುವುದು. ಒಂದೂವರೆ ಮೀಟರಿಗಿಂತ ಹಿಂದೆ ನಿಂತು ತೆಗೆದು, ಬೇಕಾದಷ್ಟು ಭಾಗವನ್ನು ಆಮೇಲೆ ಕತ್ತರಿಸಿಕೊಳ್ಳುವುದು ಲೇಸು.

ಮುಖ್ಯದೀಪದ ಸ್ಥಾನ

ಮುಖಕ್ಕೆ ರೂಪಕೊಡುವ ದೀಪವನ್ನು ಮುಖ್ಯದೀಪವೆಂದು ಕರೆಯೋಣ. ಅದನ್ನು ಎಲ್ಲಿಡಬೇಕು? ಮೂಗಿನ ನೆರಳೇ ಇಲ್ಲಿ ಸೂಚಕಮುಳ್ಳು. ಗಡಿಯಾರದ ಮುಳ್ಳನ್ನು ಓದುವಂತೆ ಆ ನೆರಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು.

ದೀಪವು ಮುಖದ ನೇರಕ್ಕೆ, ಕಣ್ಣಿಗಿಂತ ಮೇಲಿದ್ದರೆ ಮೂಗಿನ ಕೆಳಗೆ ಚಿಟ್ಟೆಯಾಕಾರದ ಚಿಕ್ಕ ನೆರಳು ಬೀಳುವುದು. 1930ರ ದಶಕದ ಹಾಲಿವುಡ್ ಸ್ಟುಡಿಯೋಗಳು ತಾರೆಯರ ಚಿತ್ರಗಳಿಗೆ ಈ ಕ್ರಮವನ್ನು ವಿಶೇಷವಾಗಿ ಬಳಸಿದವು. ಕೆನ್ನೆಯ ಮೂಳೆಗಳು ಎದ್ದು ಕಾಣುವುದು ಇದರ ಗುಣ. ದೀಪವನ್ನು 30ರಿಂದ 40 ಡಿಗ್ರಿ ಬದಿಗೆ ಸರಿಸಿದರೆ ಮೂಗಿನ ನೆರಳು ತುಟಿಯ ಕೊನೆಯ ಕಡೆಗೆ ಚಿಕ್ಕ ಕುಣಿಕೆಯಂತೆ ಇಳಿಯುವುದು. ಹೆಚ್ಚಿನ ಮುಖಗಳಿಗೆ ಇದು ಒಪ್ಪುತ್ತದೆ. ಕಲಿಯುವವರು ಇಲ್ಲಿಂದಲೇ ಆರಂಭಿಸಬಹುದು.

ಇನ್ನೂ ಬದಿಗೆ, ಸ್ವಲ್ಪ ಎತ್ತರಕ್ಕೆ ಒಯ್ದಾಗ ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟಿ, ಕತ್ತಲೆಯ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಮಾತ್ರ ಉಳಿಯುವುದು. 1606ರಿಂದ 1669ರ ವರೆಗೆ ಬಾಳಿದ ಡಚ್ ಚಿತ್ರಕಾರ ರೆಂಬ್ರಾಂಟನ ಭಾವಚಿತ್ರಗಳಲ್ಲಿ ಇಂತಹ ಬೆಳಕನ್ನು ಕಾಣಬಹುದಾದುದರಿಂದ ಛಾಯಾಗ್ರಾಹಕರು ಇದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ದೀಪವು 90 ಡಿಗ್ರಿ ಬದಿಗೆ ಹೋದರೆ ಮುಖದ ಅರ್ಧ ಬೆಳಗಿ ಅರ್ಧ ಮುಳುಗುವುದು. ಎತ್ತರವನ್ನು ನಿರ್ಧರಿಸಲು ಕಣ್ಣನ್ನು ನೋಡಬೇಕು. ಕರಿಯ ಗುಡ್ಡೆಯ ಮೇಲ್ಭಾಗದಲ್ಲಿ ದೀಪದ ಚಿಕ್ಕ ಬಿಂಬವು ಮಿನುಗುತ್ತಿದ್ದರೆ ಎತ್ತರ ಸರಿಯಾಗಿದೆ; ಮಿನುಗು ಮಾಯವಾಗಿ ಕಣ್ಣುಗುಳಿ ಕಪ್ಪಾದರೆ ದೀಪವು ಬಹಳ ಮೇಲಿದೆ. ದೀಪವನ್ನು ಗಲ್ಲದ ಕೆಳಗಿನಿಂದ ಹಿಡಿದರೆ ಮುಖವು ಭಯಂಕರವಾಗುವುದೇಕೆಂಬುದನ್ನೂ ಇಲ್ಲಿಯೇ ತಿಳಿಯಬಹುದು. ಹಗಲಿನ ಬೆಳಕು ಮೇಲಿನಿಂದ ಬರುವುದನ್ನೇ ಕಂಡು ಬೆಳೆದ ನಮಗೆ ತಲೆಕೆಳಗಾದ ನೆರಳು ಅಪರಿಚಿತವಾಗಿ ತೋರುವುದು.

ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕಾದ ಭಾವಚಿತ್ರವೊಂದಿದೆ. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆ ನಡುವಯಸ್ಸು ಕಳೆಯುತ್ತಿದ್ದಾಗ ಕ್ಯಾಮರಾವನ್ನು ಹಿಡಿದವರು. ಅವರು 1867ರಲ್ಲಿ ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲನ ಚಿತ್ರವನ್ನು ತೆಗೆದರು. ಛಾಯಾಚಿತ್ರವನ್ನು ಸ್ಥಿರಗೊಳಿಸಲು ಹೈಪೋ ದ್ರಾವಣವು ಒದಗುವುದೆಂದು ತೋರಿಸಿದವನು ಇದೇ ಹರ್ಷೆಲ್. ಕತ್ತಲೆಯ ಹಿನ್ನೆಲೆಯಿಂದ ಆ ವೃದ್ಧನ ಬಿಳಿಯ ಕೂದಲೂ ಸುಕ್ಕುಗಳೂ ಹೊರಬರುತ್ತವೆ. ಆಕೆಗೆ ವಿದ್ಯುದ್ದೀಪವಿರಲಿಲ್ಲ, ಸೂರ್ಯನ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬ ತಿಳಿವಳಿಕೆಯಿತ್ತು.

ಪೂರಕ ದೀಪ

ಒಂದೇ ದೀಪವಿದ್ದಾಗ ನೆರಳಿನ ಭಾಗವು ತೀರ ಕಪ್ಪಾಗಬಹುದು. ನಮ್ಮ ಕಣ್ಣು ಆ ಕತ್ತಲೆಯಲ್ಲಿಯೂ ವಿವರಗಳನ್ನು ಕಾಣುತ್ತದೆ. ಕ್ಯಾಮರಾ ಅಷ್ಟನ್ನು ಕಾಣಲಾರದು. ಆದುದರಿಂದ ಎರಡನೆಯ ದೀಪವೊಂದನ್ನು ಕ್ಯಾಮರಾದ ಹತ್ತಿರವಿಟ್ಟು ನೆರಳಿಗೆ ಸ್ವಲ್ಪ ಬೆಳಕನ್ನು ತುಂಬುವುದುಂಟು. ಇದು ಪೂರಕ ದೀಪ. ಎಷ್ಟು ತುಂಬಬೇಕೆಂಬುದನ್ನು ಲೆಕ್ಕದಿಂದಲೇ ತಿಳಿಯೋಣ.

ಎರಡೂ ಬಲ್ಬುಗಳು ಒಂದೇ ಶಕ್ತಿಯವೆಂದು ಭಾವಿಸೋಣ. ಪೂರಕ ದೀಪವು ಮುಖದ ಎರಡು ಭಾಗಗಳಿಗೂ ಬೀಳುತ್ತದೆ. ಮುಖ್ಯದೀಪವು ಒಂದು ಭಾಗಕ್ಕೆ ಮಾತ್ರ. ಎರಡೂ ಒಂದೇ ದೂರದಲ್ಲಿದ್ದರೆ ಬೆಳಕಿನ ಭಾಗಕ್ಕೆ 1 ಕೂಡಿಸು 1, ಎಂದರೆ 2 ಪಾಲು. ನೆರಳಿನ ಭಾಗಕ್ಕೆ 1 ಪಾಲು. ಅನುಪಾತ 2ಕ್ಕೆ 1. ಪೂರಕ ದೀಪವನ್ನು ಮುಖ್ಯದೀಪದ ದೂರದ 1.4ರಷ್ಟಕ್ಕೆ ಒಯ್ದರೆ ಅದರ ಬೆಳಕು ಅರ್ಧವಾಗುವುದು. ಆಗ ಅನುಪಾತ 3ಕ್ಕೆ 1. ಎರಡರಷ್ಟು ದೂರಕ್ಕೆ ಒಯ್ದರೆ ಬೆಳಕು ಕಾಲುಭಾಗವಾಗಿ, ಅನುಪಾತ 5ಕ್ಕೆ 1. ಎರಡಕ್ಕೊಂದು ಸೌಮ್ಯ, ಮೂರಕ್ಕೊಂದು ಸಾಮಾನ್ಯವಾಗಿ ಎಲ್ಲರಿಗೂ ಹಿತ, ಐದಕ್ಕೊಂದು ಗಂಭೀರ. ಇದು ನಮ್ಮ ಕತ್ತಲೆಕೋಣೆಯ ದ್ಯುತಿಮಾಪಕದ ಪಾಠವೇ ಅಲ್ಲವೆ? ಎರಡನೆಯ ದೀಪವಿಲ್ಲದವರು ಥರ್ಮೋಕೋಲ್ ಹಲಗೆಯನ್ನು ನೆರಳಿನ ಕಡೆ ಹಿಡಿದು, ಹತ್ತಿರ ದೂರ ಸರಿಸುತ್ತ ಅದೇ ಕೆಲಸವನ್ನು ಸಾಧಿಸಬಹುದು.

ದೀಪಗಳನ್ನು ಬೆರೆಸುವಾಗ ಬಣ್ಣವನ್ನು ಮರೆಯಬಾರದು. ಹಳದಿ ಛಾಯೆಯ ಬಲ್ಬಿನ ವರ್ಣೋಷ್ಣತೆ ಸುಮಾರು 2700 ಕೆಲ್ವಿನ್. ಹಗಲಿನ ಬೆಳಕಿನದು ಸುಮಾರು 5500. ಎರಡನ್ನೂ ಕೂಡಿಸಿದರೆ ಒಂದು ಕೆನ್ನೆ ಅರಿಶಿನವಾಗಿ ಮತ್ತೊಂದು ಕೆನ್ನೆ ನೀಲಿಯಾಗುವುದು. ಎರಡು ದೀಪಗಳೂ ಒಂದೇ ಛಾಯೆಯವಾಗಿರಲಿ. ಕಿಟಕಿಯ ಬೆಳಕನ್ನು ಬಳಸುವಾಗ ಮನೆಯ ದೀಪಗಳನ್ನು ಆರಿಸಿಬಿಡಿರಿ. ಕೆಲವು ಅಗ್ಗದ ಎಲ್.ಇ.ಡಿ. ಬಲ್ಬುಗಳು 50 ಹರ್ಟ್ಸ್ ವಿದ್ಯುತ್ತಿನೊಡನೆ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುವುದೂ ಉಂಟು. ಆಗ ಬಲ್ಬನ್ನು ಬದಲಿಸುವುದೇ ಮದ್ದು.

ಕನ್ನಡಕದ ಹೊಳಪು

ಕನ್ನಡಕದ ಗಾಜು ಬೆಳಕನ್ನು ಚದುರಿಸುವುದಿಲ್ಲ, ಕನ್ನಡಿಯಂತೆ ಪ್ರತಿಫಲಿಸುತ್ತದೆ. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮವನ್ನು ಅನುಸರಿಸಿ, ದೀಪದ ಬಿಂಬವು ಕ್ಯಾಮರಾಕ್ಕೆ ಹೋಗದಂತೆ ಮಾಡಬೇಕು. ಇದಕ್ಕೆ ಮೂರು ಉಪಾಯಗಳುಂಟು: ದೀಪವನ್ನು ಎತ್ತರಕ್ಕೆ ಏರಿಸುವುದು, ಗಲ್ಲವನ್ನು ಕೊಂಚ ತಗ್ಗಿಸುವಂತೆ ಹೇಳುವುದು, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಬೆರಳಿನಷ್ಟು ಎತ್ತಿ ಗಾಜು ಕೆಳಕ್ಕೆ ಬಾಗುವಂತೆ ಮಾಡುವುದು. ಕನ್ನಡಕವನ್ನು ತೆಗೆಯಿಸುವುದು ನಾಲ್ಕನೆಯ ಉಪಾಯ. ಆದರೆ ದಿನವೂ ಕನ್ನಡಕ ಹಾಕುವವರ ಮುಖವು ಅದಿಲ್ಲದೆ ಅವರದೆಂದು ತೋರುವುದಿಲ್ಲ.

ಮೈಬಣ್ಣದ ಪ್ರಶ್ನೆ

ಈಗ ಆ ಪಾಸ್‌ಪೋರ್ಟ್ ಪಟದ ವಿಷಯಕ್ಕೆ ಬರೋಣ. ಕಪ್ಪು ಮೈಬಣ್ಣದವರ ಚಿತ್ರವನ್ನು ತೆಗೆಯುವಾಗ ಬೆಳಕನ್ನು ಸುರಿದು, ಆಮೇಲೆ ಯಂತ್ರದಲ್ಲಿ ಇನ್ನಷ್ಟು ಬಿಳುಪು ಮಾಡುವುದು ಹಲವರ ರೂಢಿ. ಇದು ಉಪಕಾರವಲ್ಲ. ಬಿಳಿಚಿದ ಕಡೆ ವಿವರಗಳು ನಾಶವಾಗುತ್ತವೆ. ವ್ಯಕ್ತಿಯು ತನ್ನ ಮುಖವನ್ನೇ ಕಳೆದುಕೊಳ್ಳುತ್ತಾನೆ. ಈ ಅನ್ಯಾಯವು ನಮ್ಮ ಪೇಟೆಗೆ ಮಾತ್ರ ಸೀಮಿತವಲ್ಲ. 1950ರ ದಶಕದಿಂದ ಮುಂದೆ ಬಹುಕಾಲ ಕೊಡಕ್ ಕಂಪನಿಯು ವರ್ಣಚಿತ್ರಗಳ ಬಣ್ಣವನ್ನು ಹೊಂದಿಸಲು ಮುದ್ರಣ ಶಾಲೆಗಳಿಗೆ ಕೊಡುತ್ತಿದ್ದ ಮಾದರಿ ಚಿತ್ರದಲ್ಲಿ ಬಿಳಿಯ ಮೈಬಣ್ಣದ ಹೆಂಗಸಿನ ಮುಖವಿರುತ್ತಿತ್ತು. ಆ ಮುಖವು ಸರಿಯಾಗಿ ಬಂದರೆ ಎಲ್ಲವೂ ಸರಿಯೆಂಬ ಎಣಿಕೆಯಿಂದ ಕಪ್ಪು ಮುಖಗಳು ಮಸುಕಾಗಿ ಬರುತ್ತಿದ್ದವು. ಬೇರೆಬೇರೆ ಮೈಬಣ್ಣಗಳ ಮಾದರಿಯು ಬಂದುದು 1990ರ ದಶಕದಲ್ಲಿ.

ಭೌತವಿಜ್ಞಾನವು ಇಲ್ಲಿ ಏನು ಹೇಳುತ್ತದೆ? ಚರ್ಮದಿಂದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಳಹೊಕ್ಕ ಬೆಳಕು ಚದುರಿ ಹೊರಬರುವುದು ಒಂದು ಬಗೆ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಇದನ್ನು ಹೀರಿಕೊಳ್ಳುವುದರಿಂದ ಕಪ್ಪು ಚರ್ಮದಲ್ಲಿ ಇದು ಕಡಿಮೆ. ಮೇಲ್ಮೈಯಿಂದಲೇ ಕನ್ನಡಿಯಂತೆ ಪುಟಿಯುವುದು ಇನ್ನೊಂದು ಬಗೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಹೀಗೆ ಪುಟಿಯುತ್ತದೆ, ಓರೆಯಾದಷ್ಟೂ ಹೆಚ್ಚುತ್ತದೆ. ಇದಕ್ಕೂ ವರ್ಣದ್ರವ್ಯಕ್ಕೂ ಸಂಬಂಧವಿಲ್ಲ. ಆದುದರಿಂದ ಕಪ್ಪು ಮುಖದಲ್ಲಿ ರೂಪವನ್ನು ಹೇಳುವ ಕೆಲಸವನ್ನು ಬಹುಮಟ್ಟಿಗೆ ಈ ಹೊಳಪೇ ಮಾಡುತ್ತದೆ. ಬರಿಯ ಬಲ್ಬಿನ ಹೊಳಪು ಹಣೆಯ ಮೇಲೆ ಒಂದು ಚುಕ್ಕೆ. ಬದಿಯಲ್ಲಿ ಇಳಿಬಿಟ್ಟ ಅಗಲವಾದ ಬಟ್ಟೆಯ ಹೊಳಪು ಹಣೆ ಕೆನ್ನೆ ಗಲ್ಲಗಳ ಉದ್ದಕ್ಕೂ ಹರಿಯುವ ಮೃದುವಾದ ಪಟ್ಟಿ. ಹೀಗೆ, ಬೇಕಾದುದು ಹೆಚ್ಚು ಬೆಳಕಲ್ಲ. ಅಗಲವಾದ ಬೆಳಕು, ಸರಿಯಾದ ಬದಿಯಿಂದ.

ಕ್ಯಾಮರಾದ ಅಳತೆಯಲ್ಲಿಯೂ ಒಂದು ತೊಡಕಿದೆ. ಎದುರಿಗಿರುವುದೆಲ್ಲವೂ ಸರಾಸರಿ ನೂರಕ್ಕೆ 18 ಪಾಲು ಬೆಳಕನ್ನು ಹಿಂದಿರುಗಿಸುವ ಬೂದುಬಣ್ಣವೆಂಬುದು ಬೆಳಕಿನ ಅಳತೆಗೆ ರೂಢಿಯಿಂದ ಬಂದ ಆಧಾರ. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮರಾ ಕತ್ತಲೆಯೆಂದು ಮೋಸಹೋಗಿ ಮುಖವನ್ನು ಬಿಳಿಚಿಸುತ್ತದೆ. ಹಿನ್ನೆಲೆ ಬಿಳಿಯ ಗೋಡೆಯಾಗಿದ್ದರೆ ಮುಖವನ್ನು ಮಸಿಯಾಗಿಸುತ್ತದೆ. ಫೋನಿನ ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ನಿಗದಿ ಮಾಡಿ, ಎದುರಿಗಿರುವ ವ್ಯಕ್ತಿಯನ್ನೂ ಪರದೆಯನ್ನೂ ಒಂದಾದ ಮೇಲೊಂದರಂತೆ ನೋಡಿ, ಬಣ್ಣ ಹೊಂದುವ ವರೆಗೆ ಏರಿಸಬೇಕು ಅಥವಾ ಇಳಿಸಬೇಕು. ಚರ್ಮವನ್ನು ನುಣುಪು ಮಾಡುವ ಸೌಂದರ್ಯದ ಏರ್ಪಾಡು ಫೋನಿನಲ್ಲಿದ್ದರೆ ಅದನ್ನು ಮೊದಲೇ ನಿಲ್ಲಿಸಿರಿ.

ಕಿಟಕಿಯೆಂಬ ದೀಪ

ದೀಪವೇ ಇಲ್ಲದವರಿಗೆ ಕಿಟಕಿಯುಂಟು. ಉತ್ತರದ ಕಿಟಕಿಯ ಪಕ್ಕದಲ್ಲಿ ಕೂರಿಸಬೇಕೆಂದು ಯೂರೋಪಿನ ಪುಸ್ತಕಗಳು ಹೇಳುತ್ತವೆ. ಅಲ್ಲಿ ನಡುಹಗಲ ಸೂರ್ಯನು ಎಂದಿಗೂ ಉತ್ತರಕ್ಕೆ ಬಾರನು. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುವನು. ಆಗಸ್ಟ್ 18ರ ಸುಮಾರಿಗೆ ಹಿಂದಿರುಗುವನು. ಆ ನಾಲ್ಕು ತಿಂಗಳಲ್ಲಿ ಬಿಸಿಲು ಉತ್ತರದ ಕಿಟಕಿಗೆ ನುಗ್ಗಬಹುದು. ಆಗ ದಕ್ಷಿಣದ ಕಿಟಕಿಯೇ ಶಾಂತ. ಪುಸ್ತಕದ ಮಾತನ್ನು ನಮ್ಮ ಆಕಾಶಕ್ಕೆ ಒರೆಹಚ್ಚಿ ನೋಡಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಬಿಸಿಲು ಬಿದ್ದೇ ತೀರುವುದಾದರೆ ಕಿಟಕಿಗೊಂದು ಪಂಚೆಯನ್ನು ಕಟ್ಟಿದರಾಯಿತು.

ಕೊನೆಯ ಚಿತ್ರ

ಇಷ್ಟನ್ನು ಕಲಿತ ಮೇಲೆ ನಾವು ಅಟೆಂಡರವರನ್ನು ಮತ್ತೆ ಕೂರಿಸಿದೆವು. ಪಂಚೆಯ ಹಿಂದೆ ಮುಖ್ಯದೀಪ, ಕ್ಯಾಮರಾದ ಬದಿಗೆ ಪೂರಕ ದೀಪ. ಗೋಡೆಯಿಂದ ಎರಡು ಮೀಟರ್ ಮುಂದೆ ಅವರ ಸ್ಟೂಲು. ಕ್ಯಾಮರಾದ ಪಕ್ಕದಲ್ಲಿ ಪ್ರಯೋಗಶಾಲೆಯ ಸಮತಲ ದರ್ಪಣವೊಂದನ್ನು ನಿಲ್ಲಿಸಿ, ಅವರಿಗೂ ತಮ್ಮ ಮುಖ ಕಾಣುವಂತೆ ಮಾಡಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ಈಚೆ ದೀಪ ಇನ್ನೂ ಒಂದಡಿ ಹಿಂದಕ್ಕೆ ಹೋಗಬೇಕು ಸಾರ್, ನೆರಳು ಪೂರಾ ಸತ್ತುಹೋಗಿದೆ" ಎಂದರು. ಅಳೆದು ನೋಡಿದರೆ ಎರಡು ದೀಪಗಳೂ ಸಮದೂರದಲ್ಲಿದ್ದವು. ಅವರು ಹೇಳಿದಂತೆಯೇ ಪೂರಕ ದೀಪವನ್ನು ಹಿಂದೆ ಸರಿಸಿದೆವು. ಗಲ್ಲವನ್ನು ತಗ್ಗಿಸಿ, ಕನ್ನಡಕದ ಕಡ್ಡಿಯನ್ನು ಎತ್ತಿ ಅವರೇ ಸರಿಮಾಡಿಕೊಂಡರು.

ಅಚ್ಚಾದ ಚಿತ್ರದಲ್ಲಿ ಅವರ ಮುಖವು ಕಪ್ಪಾಗಿಯೇ ಇತ್ತು. ಕೆನ್ನೆಯ ಮೇಲೆ ಬೆಳಕು ಇಳಿದಿತ್ತು. ಎಡಹುಬ್ಬಿನ ಗಾಯದ ಗೆರೆಯೂ ಇತ್ತು. ಪಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಮನೆಗೊಂದು ಪ್ರತಿ ಕೊಡುವಿರಾ ಎಂದು ಮಾತ್ರ ಕೇಳಿದರು.

ವಾಚಕರು ಇದನ್ನು ಓದಿ ಮುಗಿಸಿದರೆ ಸಾಲದು, ಮಾಡಿ ನೋಡಬೇಕು. ಮೊದಲ ದಿನ ಮೊಟ್ಟೆಯೊಂದನ್ನು ಒಂದೇ ದೀಪದಿಂದ ನೋಡಿರಿ. ಎರಡನೆಯ ದಿನ ಗೆಳೆಯನೊಬ್ಬನನ್ನು ಕೂರಿಸಿ, ದೀಪವನ್ನು ಹದಿನೈದು ಹದಿನೈದು ಡಿಗ್ರಿ ಸರಿಸುತ್ತ ಮೂಗಿನ ನೆರಳನ್ನು ಬರೆದಿಟ್ಟುಕೊಳ್ಳಿರಿ. ಮೂರನೆಯ ದಿನ ಪಂಚೆಯನ್ನು ಕಟ್ಟಿ, ಹಲಗೆಯನ್ನು ಹಿಡಿದು, ಅನುಪಾತಗಳನ್ನು ಬದಲಿಸಿ ನೋಡಿರಿ. ನಾಲ್ಕನೆಯ ದಿನ ನಿಮ್ಮ ಮನೆಯಲ್ಲಿ ಇದುವರೆಗೆ ಒಂದಾದರೂ ಒಳ್ಳೆಯ ಚಿತ್ರವಿಲ್ಲದ ಅಜ್ಜಿಯನ್ನೋ ತಾತನನ್ನೋ ಕಿಟಕಿಯ ಪಕ್ಕದಲ್ಲಿ ಕೂರಿಸಿರಿ. ಅವರ ಮುಖವು ಅವರದಾಗಿಯೇ ಬಂದಿತೆಂದರೆ ನೀವು ಪಾಠವನ್ನು ಕಲಿತಂತಾಯಿತು.